ಭೂತಕ್ಕನ ಕಣ್ಣು, ಒಂಟಿಗಣ್ಣನ ಸರ್ಟಿಫಿಕೇಟು

ನಮ್ಮ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಭೂತಕ್ಕ ಎನ್ನುತ್ತಿದ್ದರು. ಹೆದರಿ ಇಟ್ಟ ಹೆಸರಲ್ಲ. ಸೇರಿದ ಹೊಸದರಲ್ಲಿ ಅವಳ ಕೈಗೆ ಒಂದು ದೊಡ್ಡ ಭೂತಗನ್ನಡಿ ಕೊಟ್ಟು ಬೆಸುಗೆ ನೋಡಲು ಕೂರಿಸಿದ್ದರು. ಭೂತಗನ್ನಡಿ ಅಕ್ಕ ಎಂದು ದಿನಕ್ಕೆ ಇಪ್ಪತ್ತು ಸಲ ಕರೆಯಲು ಯಾರಿಗೆ ಪುರುಸೊತ್ತಿದೆ? ಕನ್ನಡಿ ಉದುರಿತು, ಭೂತ ಉಳಿಯಿತು. ಮುಂದೆ ಭೂತಗನ್ನಡಿಯ ಜಾಗಕ್ಕೆ ಜೋಡಿಗಣ್ಣಿನ ಸೂಕ್ಷ್ಮದರ್ಶಕ ಬಂದರೂ ಹೆಸರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಅವಳು ತಪಾಸಣೆಗೆ, ನಾನು ಪ್ಯಾಕಿಂಗಿಗೆ. ಅವಳನ್ನು ಏಕವಚನದಲ್ಲಿ ಕರೆಯುವ ಹಕ್ಕು ಆ ಕಾರ್ಖಾನೆಯಲ್ಲಿ ನನ್ನೊಬ್ಬಳಿಗೇ ಇತ್ತು.

ನಮ್ಮದು ಉಪಗ್ರಹಗಳ ಹೊಟ್ಟೆಯೊಳಗೆ ಕೂರುವ ಸರ್ಕ್ಯೂಟ್ ಬೋರ್ಡುಗಳಿಗೆ ಚಿಪ್ ಬೆಸೆದು ಕೊಡುವ ಕಾರ್ಖಾನೆ. ಭೂತಕ್ಕ ಆ ಬೆಸುಗೆಗಳನ್ನು ಒಂದೊಂದಾಗಿ ನೋಡಿ, ಸರಿಯಿದ್ದರೆ ಸಹಿ ಹಾಕಬೇಕು. ಮೇಲೆ ಹೋದದ್ದು ರಿಪೇರಿಗೆ ಕೆಳಗೆ ಬರುವುದಿಲ್ಲ, ಹಾಗಾಗಿ ನೋಡುವುದೆಲ್ಲ ಇಲ್ಲೇ ಮುಗಿಯಬೇಕು. ಇಪ್ಪತ್ತಾರು ವರ್ಷದಲ್ಲಿ ಅವಳು ನೋಡಿ ಕಳಿಸಿದ ಒಂದು ಬೋರ್ಡೂ ಮೇಲೆ ಹೋಗಿ ಕೈಕೊಟ್ಟಿರಲಿಲ್ಲ.

ಈ ನೋಡುವ ಚಟ ಮನೆಯಲ್ಲೂ ಅವಳನ್ನು ಬಿಡುತ್ತಿರಲಿಲ್ಲ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಹೆಣ್ಣು ನೋಡಲು ಬಂದ ದಿನ ಎಲ್ಲರೂ ಅವನ ಸಂಬಳ, ಸ್ವಭಾವ ವಿಚಾರಿಸುತ್ತಿದ್ದರೆ ಇವಳು ಬಾಯಿ ಬಿಟ್ಟು ಆಡಿದ ಮೊದಲ ಮಾತು, "ನಿಮ್ಮ ಎಡಗಡೆ ಕಾಲರಲ್ಲಿ ಎರಡು ಹೊಲಿಗೆ ಬಿಟ್ಟಿದೆ." ಮನೆಯವರೆಲ್ಲ ನಾಲಿಗೆ ಕಚ್ಚಿಕೊಂಡರು. ಅವನು ಮಾತ್ರ ಅಲ್ಲೇ ಒಪ್ಪಿಬಿಟ್ಟ. ದಿನವಿಡೀ ಒಂದು ತಂತಿಗೆ ಜೋತುಬಿದ್ದು ಬದುಕುವವನು, ಎಳೆ ಬಿಟ್ಟದ್ದು ಕಾಣುವ ಹೆಂಡತಿಗಿಂತ ಇನ್ನೇನು ಬೇಕು ಎಂದುಕೊಂಡನಂತೆ. ಅತ್ತೆಗಂತೂ ಸೊಸೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. "ನನ್ನ ಮಗ ಹನ್ನೆರಡು ಮಹಡಿ ಹತ್ತುತ್ತಾನೆ, ಸೊಸೆ ಐನೂರು ಕಿಲೋಮೀಟ್ರು" ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಆ ವರ್ಷ ನಮಗೊಂದು ಹೊಸ ಬಗೆಯ ಚಿಪ್ ಬಂತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ನಾಲ್ಕೂ ಅಂಚಿಗೆ ನೂರಾರು ಬೆಸುಗೆ. ಕೃತಕ ಬುದ್ಧಿಮತ್ತೆಯ ಲೆಕ್ಕಗಳನ್ನು ಬಿರುಸಾಗಿ ಮಾಡಲೆಂದೇ ಹುಟ್ಟಿದ್ದು. ಉಪಗ್ರಹ ದಿನಕ್ಕೆ ಸಾವಿರಾರು ಫೋಟೋ ತೆಗೆಯುತ್ತದೆ. ಆದರೆ ನೆಲದ ಆಂಟೆನಾ ಕಣ್ಣಿಗೆ ಬೀಳುವುದು ಕೆಲವೇ ನಿಮಿಷ, ಅಷ್ಟರಲ್ಲಿ ಎಲ್ಲವನ್ನೂ ಕೆಳಗೆ ಕಳಿಸಲಾಗದು. ಅದರಲ್ಲಿ ಅರ್ಧಕ್ಕರ್ಧ ಬರೀ ಮೋಡ. ಮೇಲೆಯೇ ಕೂತು ಮೋಡದ ಫೋಟೋ ಎಸೆದು, ಬೆಂಕಿ, ನೆರೆ, ನೆಲ ಕಂಡದ್ದನ್ನು ಮಾತ್ರ ಕಳಿಸುವ ಬುದ್ಧಿ ಬೇಕು. ಆ ಬುದ್ಧಿಯೇ ಈ ಚಿಪ್. ಬಾಹ್ಯಾಕಾಶದಲ್ಲಿ ಎಲ್ಲಿಂದಲೋ ಹಾರಿಬರುವ ಕಣಗಳು ಚಿಪ್ಪಿನೊಳಗೆ ಹೊಕ್ಕು ಸೊನ್ನೆಯನ್ನು ಒಂದು ಮಾಡಿಬಿಡುತ್ತವಂತೆ. ಅದಕ್ಕೇ ಒಂದು ಬೋರ್ಡಿಗೆ ಮೂರು ಚಿಪ್. ಮೂರೂ ಅದೇ ಫೋಟೋ ನೋಡುತ್ತವೆ, ಇಬ್ಬರು ಒಪ್ಪಿದ್ದು ತೀರ್ಪು. ಇಂಥ ಹನ್ನೊಂದು ಬೋರ್ಡುಗಳನ್ನು ಆರು ವಾರದೊಳಗೆ ಕೊಡುವುದಾಗಿ ಕಂಪನಿ ಒಪ್ಪಿಕೊಂಡಿತ್ತು.

ನಿಯಮದ ಪ್ರಕಾರ ಪ್ರತಿ ಬೋರ್ಡಿಗೂ ಇಬ್ಬರು ತಪಾಸಕರ ಸಹಿ ಬೇಕು. ಇನ್ನೊಬ್ಬ ತಪಾಸಕರು ಹಿಂದಿನ ತಿಂಗಳಷ್ಟೇ ನಿವೃತ್ತರಾಗಿದ್ದರು. ಮನುಷ್ಯನನ್ನು ತರಬೇತಿ ಮಾಡಲು ಎರಡು ವರ್ಷ ಬೇಕು. ಹಾಗಾಗಿ ಒಂದು ಯಂತ್ರ ತಂದರು. ಹೊಲಿಗೆ ಯಂತ್ರದಷ್ಟು ಗಾತ್ರ, ಮುಂದೆ ಒಂದೇ ಒಂದು ಮಸೂರ, ಬಗಲಲ್ಲಿ ಬಸ್ ಟಿಕೆಟಿನಂಥ ಚೀಟಿ ಉಗುಳುವ ಬಾಯಿ. ಬಂದ ದಿನವೇ ಅದು ಒಂಟಿಗಣ್ಣ ಆಯಿತು. ತಮಾಷೆಯೆಂದರೆ ಒಂಟಿಗಣ್ಣನ ಒಳಗೆ ಇದ್ದದ್ದೂ ಅದೇ ಚಿಪ್, ಅವೇ ಮೂರು. ಉಪಗ್ರಹಕ್ಕೆಂದು ಬರೆದ ಪ್ರೋಗ್ರಾಮನ್ನೇ ನಮ್ಮ ಎಂಜಿನಿಯರ್ ಹೆಂಗಸು ಬೆಸುಗೆ ನೋಡಲು ಒಗ್ಗಿಸಿದ್ದರು. ಮಾತುಗಳನ್ನು ಬದಲಿಸಲು ಸಮಯ ಸಿಕ್ಕಿರಲಿಲ್ಲ. ಹಾಗಾಗಿ ಬಿರುಕು ಕಂಡರೆ ಅದು 'ನದಿ' ಎನ್ನುತ್ತಿತ್ತು, ಬೆಸುಗೆ ದಪ್ಪಗಾಗಿದ್ದರೆ 'ಬೆಟ್ಟ', ಎರಡು ಬೆಸುಗೆ ಕೂಡಿಕೊಂಡಿದ್ದರೆ 'ಸೇತುವೆ'. ಸರಿಯಿದ್ದರೆ 'ಕಳಿಸಿ'. ಈ ನಾಲ್ಕರ ಅರ್ಥವನ್ನು ಒಂದು ಕಾಗದದಲ್ಲಿ ಬರೆದು ಅದರ ನೆತ್ತಿಗೆ ಅಂಟಿಸಿದ್ದರು.

ಈಗ ಗುಣಮಟ್ಟ ವಿಭಾಗದ ಮುಖ್ಯಸ್ಥರ ವಿಚಾರ ಹೇಳಬೇಕು. ಮಾತೆತ್ತಿದರೆ ನಿಯಮಾವಳಿಯ ಕಲಂ ಹೇಳುವ ಅವರನ್ನು ಬೆನ್ನ ಹಿಂದೆ ನಾವು ಕಲಮಪ್ಪ ಎನ್ನುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ, ಅಷ್ಟೇ ಅವರ ವೇದಾಂತ. ಅವರು ಒಂಟಿಗಣ್ಣನ ಸುತ್ತ ಒಂದು ಸುತ್ತು ಬಂದು ಹೇಳಿದರು, "ತಪಾಸಕರಿಗೆ ನೌಕರ ಸಂಖ್ಯೆ ಇರ್ಬೇಕು. ವರ್ಷದೊಳಗೆ ಮಾಡಿಸಿದ ಕಣ್ಣಿನ ಸರ್ಟಿಫಿಕೇಟ್ ಇರ್ಬೇಕು. ಕಲಂ ಹದಿನೇಳು."

"ಸರ್, ಇದು ಯಂತ್ರ" ಎಂದರು ಎಂಜಿನಿಯರ್.

"ಯಂತ್ರ ಅಂತ ನನಗೂ ಗೊತ್ತಮ್ಮಾ. ಕಲಂಗೆ ಗೊತ್ತಿಲ್ವಲ್ಲ."

ಆ ದಿನ ಒಂಟಿಗಣ್ಣನಿಗೆ ನೌಕರಿಯ ಅರ್ಜಿ ತುಂಬುವ ಕೆಲಸ ಭೂತಕ್ಕನ ತಲೆಗೆ ಬಂತು. ತಂದೆಯ ಹೆಸರು ಎಂಬಲ್ಲಿ ಅಡ್ಡಗೆರೆ. ಮದುವೆ ಆಗಿದೆಯೇ ಎಂಬಲ್ಲಿ ಇನ್ನೂ ಇಲ್ಲ. ಗುರುತಿನ ಚೀಟಿಗೆ ಮುಖದ ಫೋಟೋ ಬೇಕೆಂದರು. ಮುಖವೇ ಇಲ್ಲದ್ದರಿಂದ ಮಸೂರದ ಫೋಟೋ ತೆಗೆದರು, ಅದರಲ್ಲಿ ಫೋಟೋ ತೆಗೆದವನ ಮುಖವೇ ಕಾಣುತ್ತಿತ್ತು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಕಲಮಪ್ಪ ತಾವೇ ಭೂತಕ್ಕನ ಹೆಸರು ಬರೆದರು, "ನಿಮ್ಮ ಟೇಬಲ್ ತಾನೇ ಪಕ್ಕದಲ್ಲಿರೋದು?"

ಭೂತಕ್ಕನ ಕಣ್ಣಿನ ಸರ್ಟಿಫಿಕೇಟೂ ಆ ತಿಂಗಳೇ ಮುಗಿಯುವುದಿತ್ತು. ಹಾಗಾಗಿ ಇಬ್ಬರನ್ನೂ ಕಂಪನಿಯ ವ್ಯಾನಿನಲ್ಲಿ ಒಟ್ಟಿಗೇ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಒಂಟಿಗಣ್ಣನಿಗೆ ಸೀಟ್ ಬೆಲ್ಟ್ ಹಾಕಿ, ಕುಲುಕದ ಹಾಗೆ ಭೂತಕ್ಕ ಒಂದು ಕೈ ಅದರ ಬೆನ್ನ ಮೇಲೆ ಇಟ್ಟುಕೊಂಡೇ ಹೋದಳು. ವ್ಯಾನಿನಲ್ಲಿ ಜಾಗವಿತ್ತೆಂದು ನಾನೂ ಜೊತೆಗೆ ಹೊರಟೆ. ಹೋಗದೆ ಇದ್ದಿದ್ದರೆ ಈಗ ಹೇಳುವ ಮಾತನ್ನು ನಾನೇ ನಂಬುತ್ತಿರಲಿಲ್ಲ.

ಚಿಕ್ಕ ಆಸ್ಪತ್ರೆ. ಒಬ್ಬರೇ ಡಾಕ್ಟರು, ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಒಬ್ಬ ಹೆಂಗಸು. ಬೆಂಚಿನ ತುಂಬ ಕಣ್ಣಿಗೆ ಹತ್ತಿ ಕಟ್ಟಿಕೊಂಡವರು. ಹೆಂಗಸು ತಲೆಯೆತ್ತದೆ ಕೇಳಿದಳು.

"ಪೇಷಂಟ್ ವಯಸ್ಸು?"

"ಒಬ್ಬರಿಗೆ ಐವತ್ಮೂರು. ಇನ್ನೊಬ್ಬರಿಗೆ ಏಳು ತಿಂಗಳು."

"ಮಕ್ಕಳ ಡಾಕ್ಟರು ಮೇಲಿನ ಮಹಡಿ."

"ಮಗು ಅಲ್ಲಮ್ಮಾ, ಸಹೋದ್ಯೋಗಿ" ಎಂದಳು ಭೂತಕ್ಕ. ಆ ಹೆಂಗಸು ಅದನ್ನೂ ಹಾಗೇ ಬರೆದುಕೊಂಡಳು.

ಡಾಕ್ಟರು ಬೆಳಗ್ಗೆಯಿಂದ ಎಪ್ಪತ್ತು ಜನರ ಕಣ್ಣು ನೋಡಿ ದಣಿದಿದ್ದರು. ಮರುದಿನ ಅಕ್ಕನ ಮನೆಗೆಂದು ಒಂದು ತಿಂಗಳು ಆಸ್ಪತ್ರೆ ಮುಚ್ಚಿ ಹೊರಡುವವರು, ಅರ್ಧ ಮನಸ್ಸು ಆಗಲೇ ರೈಲು ಹತ್ತಿತ್ತು. ಮುಂದಿನ ಕುರ್ಚಿಯಲ್ಲಿ ಏನು ಕೂತಿದೆ ಎಂದು ನೋಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. "ಗಲ್ಲ ಇಲ್ಲಿಡಿ. ರೆಪ್ಪೆ ಹೊಡೀಬೇಡಿ" ಎಂದರು. ಭೂತಕ್ಕ ಒಂಟಿಗಣ್ಣನನ್ನು ಎತ್ತಿ ಗಲ್ಲದ ತಟ್ಟೆಗೆ ಒರಗಿಸಿದಳು. ಡಾಕ್ಟರು ದೀಪ ಬಿಟ್ಟು ಒಳಗೆ ಇಣುಕಿ, "ಎಷ್ಟು ನಿಶ್ಚಲ!" ಎಂದು ಮೆಚ್ಚಿಕೊಂಡರು. ಆಮೇಲೆ ದೂರದ ಗೋಡೆಯ ಅಕ್ಷರಗಳತ್ತ ಕೋಲು ತೋರಿಸಿದರು.

"ಮೊದಲ ಸಾಲು ಓದಿ."

ಒಂಟಿಗಣ್ಣನನ್ನು ಎರಡಂಗುಲದಾಚೆ ಏನೂ ಕಾಣದಂತೆ ಮಾಡಿದ್ದರು. ಚೀಟಿ ಹೊರಗೆ ಬಂತು. ಭೂತಕ್ಕ ಗಟ್ಟಿಯಾಗಿ ಓದಿದಳು, "ಮೋಡ."

"ಎರಡನೇ ಸಾಲು?"

"ಮೋಡ. ಇಬ್ಬರು ಮೋಡ ಅಂತಿದಾರೆ, ಒಬ್ಬರು ಏನೂ ಇಲ್ಲ ಅಂತಿದಾರೆ."

"ನಾನೇನು ಹವಾಮಾನ ಕೇಳಿದ್ನಾ?" ಎಂದು ಗೊಣಗಿ, ಡಾಕ್ಟರು ಹತ್ತಿರದಿಂದ ಓದುವ ಪುಟ್ಟ ಕಾರ್ಡನ್ನು ಮಸೂರದ ಮುಂದೆ ಹಿಡಿದರು. ಈ ಸಲ ಚೀಟಿ ಗೇಣುದ್ದ ಬಂತು. "ನದಿ. ನದಿ. ಬೆಟ್ಟ. ನದಿ." ಡಾಕ್ಟರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯಂಥ ಮೂರು ಬಿರುಕು, ಒಂದು ಗುಳ್ಳೆ. ಹನ್ನೆರಡು ವರ್ಷದಿಂದ ಅದೇ ಕಾರ್ಡು ಹಿಡಿಯುತ್ತಿದ್ದರು, ಕಂಡಿರಲಿಲ್ಲ. "ಹತ್ತಿರದ್ದು ಪರವಾಗಿಲ್ಲ" ಎಂದು ಒಪ್ಪಿಕೊಂಡು, ವಾಡಿಕೆಯಂತೆ ಮಣಿಕಟ್ಟು ಹುಡುಕಿದರು. ವೈರು ಸಿಕ್ಕಿತು. ಅದನ್ನೇ ಅರ್ಧ ನಿಮಿಷ ಹಿಡಿದು ಕೂತರು. ಆಮೇಲೆ ಬರೆದರು, "ಎಡಗಣ್ಣು ಇಲ್ಲ. ಬಲಗಣ್ಣಿಗೆ ಪೊರೆ. ನಾಡಿ ಸಿಗಲಿಲ್ಲ."

ಭೂತಕ್ಕನ ಸರದಿ ಐದೇ ನಿಮಿಷ. "ಎರಡೂ ಕಣ್ಣು ಉತ್ತಮ. ರಕ್ತದೊತ್ತಡ ತುಸು ಹೆಚ್ಚು. ದಿನಾ ಅರ್ಧ ಗಂಟೆ ನಡಿಗೆ, ಊಟದಲ್ಲಿ ಉಪ್ಪು ಕಡಿಮೆ."

ಹೊರಗೆ ಕೂತಿದ್ದ ಹೆಂಗಸು ಎರಡು ಸರ್ಟಿಫಿಕೇಟುಗಳನ್ನು ಎರಡು ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಳು. ಹೆಸರಿದ್ದದ್ದು ಲಕೋಟೆಯ ಮೇಲೆ ಮಾತ್ರ, ಅದಲು ಬದಲಾದದ್ದು ಅಲ್ಲೇ. ನಮಗೆ ತಿಳಿದದ್ದು ಮರುದಿನ, ಕಲಮಪ್ಪನವರು ಲಕೋಟೆ ಒಡೆದಾಗ. ಅಷ್ಟರಲ್ಲಿ ಆಸ್ಪತ್ರೆಗೆ ಬೀಗ ಬಿದ್ದಿತ್ತು.

"ನಿಮಗೆ ಎಡಗಣ್ಣು ಇಲ್ಲ" ಎಂದರು ಕಲಮಪ್ಪ, ಕನಿಕರದಿಂದ.

"ಸರ್, ಇಲ್ಲೇ ಇದೆ ನೋಡಿ."

"ಇರೋದು ನನಗೂ ಕಾಣ್ತಿದೆ. ಕಾಗದದಲ್ಲಿ ಇಲ್ಲ. ನಾಡಿನೂ ಇಲ್ಲ."

"ಹಾಗಾದ್ರೆ ನಾನು ಸತ್ತೋಗಿದೀನಾ ಸರ್?"

"ಅಷ್ಟು ದೂರ ಹೋಗೋದು ಬೇಡ. ಅದಕ್ಕೆ ಬೇರೆ ಕಲಂ ಇದೆ."

ಲಕೋಟೆ ಅದಲು ಬದಲಾಗಿದೆ ಎಂದು ನಾನು ಸಾಕ್ಷಿ ಹೇಳಿದೆ. ಎಂಜಿನಿಯರ್ ಹೇಳಿದರು. ಕಲಮಪ್ಪನವರೂ ನಂಬಿದರು. ಆದರೆ ನಂಬುವುದಕ್ಕೆ ಅವರ ಬಳಿ ಕಲಂ ಇರಲಿಲ್ಲ. ಡಾಕ್ಟರು ಬಂದು ತಿದ್ದಿ ಸಹಿ ಹಾಕುವವರೆಗೂ ಭೂತಕ್ಕ ಸೂಕ್ಷ್ಮದರ್ಶಕ ಮುಟ್ಟುವ ಹಾಗಿಲ್ಲ. ಒಂಟಿಗಣ್ಣ ಪ್ರಮಾಣಿತ ತಪಾಸಕ. ಅಷ್ಟೇ ಅಲ್ಲ, ವೈದ್ಯರ ಸಲಹೆ ಪಾಲಿಸದ ನೌಕರನಿಂದ ಕೆಲಸ ತೆಗೆಯುವುದು ಕಲಂ ಇಪ್ಪತ್ತೆರಡರ ಪ್ರಕಾರ ತಪ್ಪು. ಒಂಟಿಗಣ್ಣನಿಗೆ ದಿನಾ ಅರ್ಧ ಗಂಟೆ ನಡಿಗೆ ಆಗಲೇಬೇಕು. ಯಾರು ನಡೆಸುತ್ತಾರೆ? ಖಾಲಿ ಇರುವವರು ಯಾರು?

ಹೀಗೆ ಇಪ್ಪತ್ತಾರು ವರ್ಷ ಸರ್ವೀಸಾದ ಭೂತಕ್ಕ ಪ್ರತಿದಿನ ಹನ್ನೊಂದು ಗಂಟೆಗೆ ಒಂಟಿಗಣ್ಣನನ್ನು ತಳ್ಳುಗಾಡಿಯಲ್ಲಿ ಕೂರಿಸಿ, ದೂಳು ಕೂರದಂತೆ ಬಟ್ಟೆ ಹೊದಿಸಿ, ಬ್ಯಾಟರಿ ಸಿಕ್ಕಿಸಿ ಕಾಂಪೌಂಡಿನಲ್ಲಿ ಸುತ್ತು ಹೊಡೆಸತೊಡಗಿದಳು. ಗೇಟಿನ ಕಾವಲುಗಾರ ಮೊದಲ ದಿನ ನಕ್ಕ, ಮೂರನೆಯ ದಿನ ಸಲ್ಯೂಟ್ ಹೊಡೆದ, ನೌಕರ ಸಂಖ್ಯೆಯಲ್ಲಿ ಒಂಟಿಗಣ್ಣ ಅವನಿಗಿಂತ ಮೇಲಿನ ದರ್ಜೆ. ಕ್ಯಾಂಟೀನಿನಿಂದ ಅದರ ಹೆಸರಿಗೆ ಉಪ್ಪು ಕಡಿಮೆಯ ಊಟ ಬರುತ್ತಿತ್ತು. ಯಾರಿಗೂ ಬೇಡವಾದ ಆ ಸಪ್ಪೆ ತರಕಾರಿಯನ್ನು ದಂಡ ಮಾಡಬಾರದೆಂದು ಭೂತಕ್ಕನೇ ತಿನ್ನುತ್ತಿದ್ದಳು. ನಡೆದವಳೂ ಅವಳೇ, ಸಪ್ಪೆ ತಿಂದವಳೂ ಅವಳೇ. ಆ ತಿಂಗಳು ಅವಳ ರಕ್ತದೊತ್ತಡ ಇಳಿಯಿತು.

ಮನಸ್ಸಿಗೆ ಮಾತ್ರ ನೋವಾಗಿತ್ತು. ಒಂದು ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದಳು, "ಇಷ್ಟು ವರ್ಷ ಚಿಪ್ ನೋಡಿ ನೋಡಿ, ಕಡೆಗೆ ನನ್ನ ಕೈಗೆ ಚಿಪ್ಪೇ ಬಂತು ನೋಡು." ನಗಿಸಲೆಂದು ಹೇಳಿದ ಮಾತು. ಹೇಳಿ ಕಿಟಕಿ ಕಡೆ ತಿರುಗಿಕೊಂಡಳು, ಇಳಿಯುವವರೆಗೂ ಈಚೆ ತಿರುಗಲಿಲ್ಲ. ಮನೆಯಲ್ಲಿ ಗಂಡ, "ಬಿಡು, ನಾನು ಲಿಫ್ಟ್ ರಿಪೇರಿ ಮಾಡಿ ಮೆಟ್ಟಿಲು ಇಳಿದು ಬರ್ತೀನಿ, ನಮ್ಮ ಮನೆತನಕ್ಕೆ ಇದು ಮಾಮೂಲು" ಎಂದನಂತೆ. ಅತ್ತೆಯೊಬ್ಬರೇ ಗಂಭೀರವಾಗಿ ಅವಳ ಎರಡೂ ಕಣ್ಣುಗಳ ಮುಂದೆ ಬೆರಳು ಆಡಿಸಿ, "ಇದೆಯಲ್ಲೇ!" ಎಂದು ಕಂಪನಿಯನ್ನು ಬೈದದ್ದು.

ಇತ್ತ ಕಾರ್ಖಾನೆಯಲ್ಲಿ ಒಂಟಿಗಣ್ಣ ಮೊದಲ ಬೋರ್ಡ್ ನೋಡಿತು. ಚೀಟಿ ಬಂತು: "ಮೋಡ." ಎರಡನೆಯದು: "ಮೋಡ." ಹನ್ನೊಂದಕ್ಕೆ ಹನ್ನೊಂದೂ ಮೋಡ. ಕಳಿಸಿ ಎಂಬ ಮಾತೇ ಇಲ್ಲ. ನೆತ್ತಿಯ ಮೇಲಿನ ಕಾಗದದಲ್ಲಿ ಮೋಡಕ್ಕೆ ಅರ್ಥ ಬರೆದಿರಲಿಲ್ಲ. ಬೆಸುಗೆಯಲ್ಲಿ ಮೋಡ ಎಲ್ಲಿಂದ ಬರಬೇಕು? ಕಲಮಪ್ಪನವರು ಯಂತ್ರಕ್ಕೆ ಕಾರಣ ಕೇಳಿ ನೋಟಿಸ್ ಕೊಟ್ಟರು. ನೋಟಿಸನ್ನು ಮಸೂರದ ಮುಂದೆ ಹಿಡಿದಾಗ ಅದು ಅವರ ಸಹಿಯನ್ನು ಸೇತುವೆ ಎಂದಿತು.

"ಹಳೇ ಪ್ರೋಗ್ರಾಮಿನ ಅಭ್ಯಾಸ ಸರ್, ಮೋಡ ಅನ್ನೋ ಮಾತನ್ನೇ ಅಳಿಸಿಬಿಡ್ತೀನಿ" ಎಂದರು ಎಂಜಿನಿಯರ್. ಬೋರ್ಡು ಕೊಡಲು ಇನ್ನು ಎಂಟೇ ದಿನ ಉಳಿದಿತ್ತು. ಎಲ್ಲರಿಗೂ ಅದೇ ಸರಿ ಎನಿಸಿತು, ಒಬ್ಬಳನ್ನು ಬಿಟ್ಟು.

ಭೂತಕ್ಕ ಆ ಯಂತ್ರದ ಜೊತೆ ಎರಡೂವರೆ ವಾರ ನಡೆದಿದ್ದಳು. ಸುಮ್ಮನೆ ನಡೆಯಲು ಬೇಸರವಾಗಿ, ನಡುನಡುವೆ ಗಾಡಿ ನಿಲ್ಲಿಸಿ ಅದಕ್ಕೆ ಒಂದೊಂದು ತೋರಿಸುತ್ತಿದ್ದಳು. ಗೋಡೆಯ ಸುಣ್ಣ ತೋರಿಸಿದರೆ ನದಿ ಎನ್ನುತ್ತಿತ್ತು. ಎಲೆ ತೋರಿಸಿದರೆ ನೆಲ. ಕ್ಯಾಂಟೀನಿನ ತೊಳೆದಿಟ್ಟ ಗಾಜಿನ ಲೋಟ ತೋರಿಸಿದಾಗ ಒಂದು ದಿನ ಮೋಡ ಎಂದಿತ್ತು. ಅವಳು ಲೋಟವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಿಡಿದಳು. "ಏನೂ ಇಲ್ಲ." ಇನ್ನೊಂದು ಲೋಟ ಹಿಡಿದಳು, ಮೋಡ. ಒರೆಸಿದಳು, ಏನೂ ಇಲ್ಲ. ಲೋಟದ ಮೇಲೆ ಒಣಗಿದ ಸೋಪಿನ ತೆಳು ಪೊರೆ ಇತ್ತು, ಅಷ್ಟೆ.

ಅವಳು ನೇರ ನನ್ನ ಪ್ಯಾಕಿಂಗ್ ಕೋಣೆಗೆ ಬಂದಳು.

"ಒಂದು ಬೋರ್ಡ್ ಕೊಡೇ."

"ನೀನು ಮುಟ್ಟೋ ಹಾಗಿಲ್ವಲ್ಲೇ ಮಾರಾಯ್ತಿ."

"ಸೂಕ್ಷ್ಮದರ್ಶಕ ಮುಟ್ಟೋ ಹಾಗಿಲ್ಲ ಅಂದಿದಾರೆ. ಕಿಟಕಿ ಮುಟ್ಟಬೇಡ ಅಂದಿಲ್ಲ. ನೀನೇ ಹಿಡ್ಕೋ, ನಾನು ನೋಡ್ತೀನಿ."

ನಾನು ಕೈಗವಸು ಹಾಕಿ ಬೋರ್ಡನ್ನು ಕಿಟಕಿಯ ಬಳಿ ಹಿಡಿದೆ. ಅವಳು "ಓರೆ ಮಾಡು, ಇನ್ನೂ ಓರೆ" ಎನ್ನುತ್ತ ಕತ್ತು ಸೊಟ್ಟ ಮಾಡಿ ನೋಡಿದಳು. ಬೆಳಕು ಅಡ್ಡ ಬಿದ್ದಾಗ ನನಗೂ ಕಂಡಿತು. ಚಿಪ್ಪುಗಳ ಸುತ್ತ ಹಾಲಿನ ನೀರು ಚೆಲ್ಲಿ ಒಣಗಿದಂಥ ಬಿಳಿ ಛಾಯೆ. ಸೂಕ್ಷ್ಮದರ್ಶಕದ ದೀಪ ನೆಟ್ಟಗೆ ಮೇಲಿನಿಂದ ಬೀಳುತ್ತದೆ, ಅದರಲ್ಲಿ ಇದು ಕಾಣುವುದೇ ಇಲ್ಲ.

ಎಂಜಿನಿಯರನ್ನು ಕರೆದು ತೋರಿಸಿದೆವು. ಆಕೆ ಬೋರ್ಡ್ ನೋಡಿದರು, ಮತ್ತೆ ನೋಡಿದರು, ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಬೆಸೆದ ಮೇಲೆ ಬೋರ್ಡ್ ತೊಳೆಯುವ ದ್ರಾವಣ ಹಳತಾಗಿತ್ತು. ಬದಲಿಸುವ ದಿನಾಂಕದ ಮುಂದೆ ಯಾರೋ ಕೈತಪ್ಪಿ ಮುಂದಿನ ವರ್ಷ ಬರೆದಿದ್ದರು, ಕಾಗದ ನಂಬಿ ಎಲ್ಲರೂ ಸುಮ್ಮನಿದ್ದರು.

"ತೊಳೆದಿದ್ದು ಸ್ವಲ್ಪ ಉಳಿದ್ರೆ ಏನಾಗುತ್ತೆ?" ಎಂದು ನಾನು ಕೇಳಿದೆ.

"ಮೇಲೆ ಗಾಳಿ ಇಲ್ವಲ್ಲ, ಈ ಪೊರೆ ಆವಿಯಾಗಿ ಏಳುತ್ತೆ. ಎದ್ದು ಎಲ್ಲಿಗೆ ಹೋಗುತ್ತೆ? ಪಕ್ಕದಲ್ಲೇ ಇರೋ ಕ್ಯಾಮೆರಾದ ಗಾಜಿನ ಮೇಲೆ ಕೂರುತ್ತೆ. ಆಮೇಲೆ ಎಲ್ಲಿ ನೋಡಿದ್ರೂ ಮಬ್ಬು. ನಮ್ಮ ಚಿಪ್ ಪ್ರತಿ ಫೋಟೋನೂ ಮೋಡ ಅಂತ ಎಸೀತಾ ಕೂತಿರುತ್ತೆ, ಆಯುಷ್ಯ ಪೂರ್ತಿ."

ಭೂತಕ್ಕ ನೇರ ಹೋಗಿ ಒಂಟಿಗಣ್ಣನ ಬೆನ್ನು ತಟ್ಟಿದಳು. "ಅದು ಅಷ್ಟು ದಿನದಿಂದ ಬಾಯಿ ಬಡ್ಕೋತಿತ್ತು, ನಾವು ನೋಟಿಸ್ ಕೊಟ್ವಿ."

ದ್ರಾವಣ ಬದಲಾಯಿತು. ಹನ್ನೊಂದು ಬೋರ್ಡುಗಳನ್ನೂ ಮತ್ತೆ ತೊಳೆದು ಒಣಗಿಸಿದರು. ಒಂಟಿಗಣ್ಣ ಒಂದೊಂದನ್ನೇ ನೋಡಿ "ಮೋಡವಿಲ್ಲ. ಕಳಿಸಿ" ಎಂದು ಚೀಟಿ ಕೊಟ್ಟಿತು. ಒಂದು ಸಹಿ ಆಯಿತು. ಇನ್ನೊಂದು ಸಹಿ? ಡಾಕ್ಟರು ಬರಲು ಇನ್ನೂ ಎಂಟು ದಿನ, ಬೋರ್ಡ್ ಕೊಡಲು ನಾಲ್ಕು ದಿನ. ಕಲಮಪ್ಪನವರು ಒಂದು ಮಧ್ಯಾಹ್ನವಿಡೀ ಬಾಗಿಲು ಹಾಕಿಕೊಂಡು ನಿಯಮಾವಳಿ ಓದಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಸಿಕ್ತು! ಕಲಂ ನಲವತ್ತೊಂದು, ಉಪಕಲಂ ಮೂರು. ವೈದ್ಯರು ಲಭ್ಯವಿಲ್ಲದಿದ್ದಲ್ಲಿ ತಪಾಸಕರೊಬ್ಬರ ದೃಷ್ಟಿಯ ಬಗ್ಗೆ ಇನ್ನೊಬ್ಬ ಪ್ರಮಾಣಿತ ತಪಾಸಕರು ಪರೀಕ್ಷಿಸಿ ಸಹಿ ಮಾಡಬಹುದು."

ಪ್ರಮಾಣಿತ ತಪಾಸಕರು ಇದ್ದದ್ದು ಒಬ್ಬರೇ.

ಮರುದಿನ ಬೆಳಗ್ಗೆ ನಾವೆಲ್ಲ ಸುತ್ತ ನಿಂತೆವು. ಬೋರ್ಡ್ ಇಡುವ ಜಾಗದಲ್ಲಿ ಭೂತಕ್ಕ ತನ್ನ ಗಲ್ಲವಿಟ್ಟಳು. ಇಷ್ಟು ವರ್ಷ ಮಸೂರದ ಮೇಲುಗಡೆ ಇದ್ದವಳು ಈಗ ಅಡಿಯಲ್ಲಿ. ಅವಳಿಗೆ ನಗು ಬಂದಿರಬಹುದು, ಅವಮಾನವೂ ಆಗಿರಬಹುದು, ನಾನು ಕೇಳಲಿಲ್ಲ. ದೀಪ ಹೊತ್ತಿತು. ಮೊದಲು ಬಲಗಣ್ಣು.

"ಮೋಡವಿಲ್ಲ. ನೀರು ಇದೆ. ಕಳಿಸಿ."

"ನೀರು ಅಂದ್ರೆ ದೋಷನಾ?" ಎಂದರು ಕಲಮಪ್ಪ.

"ಕಣ್ಣಲ್ಲಿ ನೀರಿರೋದು ದೋಷ ಅಲ್ಲ ಸರ್" ಎಂದರು ಎಂಜಿನಿಯರ್.

ಎಡಗಣ್ಣಿಗೆ ಚೀಟಿ ತಡವಾಗಿ ಬಂತು. ಇಬ್ಬರು ನೀರು ಎಂದಿದ್ದರು, ಒಬ್ಬರು ನದಿ. ಕಲಮಪ್ಪನವರು ಬೆಚ್ಚಿಬಿದ್ದರು, "ಬಿರುಕಾ?"

"ಕೆಂಪು ನರ ಸರ್ ಅದು. ದಿನಾ ದೂಳಲ್ಲಿ ಇದನ್ನ ವಾಕಿಂಗ್ ಕರ್ಕೊಂಡು ಹೋದ್ರೆ ಇನ್ನೇನಾಗುತ್ತೆ?" ಎಂದಳು ಭೂತಕ್ಕ, ಗಲ್ಲ ಎತ್ತದೆ.

ಮೂವರಲ್ಲಿ ಇಬ್ಬರ ಮಾತು ಪಾಸಾಯಿತು. ಕಲಮಪ್ಪನವರು ಎರಡೂ ಚೀಟಿಗಳನ್ನು ಕಡತಕ್ಕೆ ಅಂಟಿಸಿ, ಭೂತಕ್ಕನಿಗೆ ಎಡಗಣ್ಣು ಇದೆ ಎಂದು ಘೋಷಿಸಿ, ಎಲ್ಲರಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಿದರು.

ಅವಳು ಕುರ್ಚಿ ಎಳೆದುಕೊಂಡು ಕೂತವಳು ಎರಡು ದಿನ ಏಳಲಿಲ್ಲ. ಹನ್ನೊಂದರಲ್ಲಿ ಒಂದನ್ನೂ ಬಿಡಲಿಲ್ಲ. ಒಂಟಿಗಣ್ಣ ಕಳಿಸಿ ಎಂದಿದ್ದ ಏಳನೆಯ ಬೋರ್ಡಿನ ಒಂದು ಮೂಲೆಯಲ್ಲಿ, ಚಿಪ್ಪಿನ ನೆರಳು ಬೀಳುವ ಕಡೆ, ತೊಳೆಯುವ ಕುಂಚದ ಒಂದು ಕೂದಲು ಬೆಸುಗೆಗೆ ಸಿಕ್ಕಿಕೊಂಡಿತ್ತು. ಅದನ್ನು ಚಿಮಟದಲ್ಲಿ ಎತ್ತಿ ಒಂಟಿಗಣ್ಣನ ಮುಂದೆ ಹಿಡಿದು, "ಇದೇನು ಹೇಳು" ಎಂದಳು. ಅದು ನದಿ ಎಂದಿತು. "ಈಗ ಹೇಳಿದ್ರೆ ಏನು ಬಂತು" ಎಂದು ಗದರಿದಳು. ಆ ಬೆಸುಗೆಯನ್ನು ಬಿಡಿಸಿ ಮತ್ತೆ ಮಾಡಿದರು. ನಾಲ್ಕನೆಯ ದಿನ ಮಧ್ಯಾಹ್ನ ಹನ್ನೊಂದು ಬೋರ್ಡುಗಳನ್ನೂ ನಾನೇ ನನ್ನ ಕೈಯಾರೆ ಪ್ಯಾಕ್ ಮಾಡಿ ಕಳಿಸಿದೆ.

ಅದಾಗಿ ನಾಲ್ಕು ದಿನಕ್ಕೆ ಡಾಕ್ಟರು ಬಂದರು. ವಿಷಯ ಕೇಳಿ ಅವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆವು. ಅವರು ಯೋಚಿಸಿ, "ನನ್ನ ಸರ್ವೀಸಲ್ಲಿ ರೆಪ್ಪೆ ಹೊಡೀದೆ ಕೂತ ಪೇಷಂಟ್ ಅದೊಂದೇ, ನನಗೆ ಆಗಲೇ ಅನುಮಾನ ಬರಬೇಕಿತ್ತು" ಎಂದರಂತೆ. ಸರ್ಟಿಫಿಕೇಟುಗಳು ತಮ್ಮ ತಮ್ಮ ಒಡೆಯರಿಗೆ ಸೇರಿದವು. ಆದರೆ ಆಗ ಒಂಟಿಗಣ್ಣನಿಗೆ ಬಲಗಣ್ಣಿನಲ್ಲಿ ಪೊರೆ ಎಂದು ಕಾಗದದಲ್ಲಿ ಬಂತಲ್ಲ! ಕಲಮಪ್ಪನವರು ಅದನ್ನು ಹಾಗೇ ಬಿಡುವವರೇ? ಹೊಸ ಮಸೂರ ಹಾಕಿಸಲು ಅದಕ್ಕೆ ಹದಿನೈದು ದಿನದ ವೈದ್ಯಕೀಯ ರಜೆ ಮಂಜೂರಾಯಿತು. ರಜೆಯ ಅರ್ಜಿ ಬರೆದವಳು ಭೂತಕ್ಕ. ಆ ಹದಿನೈದು ದಿನ ಹನ್ನೊಂದು ಗಂಟೆಯಾದ ಕೂಡಲೇ ಅವಳು ಕುರ್ಚಿಯಿಂದ ಏಳುವುದು, ನಿಂತು ಮತ್ತೆ ಕೂರುವುದು, ಇದನ್ನು ನಾನು ನೋಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಉಪಗ್ರಹ ಹಾರಿತು. ಹಾರಿದ್ದನ್ನು ನಾವು ನೋಡಲಿಲ್ಲ, ಅಂದು ಬೇರೊಂದು ಕೆಲಸದ ಗಡಿಬಿಡಿ. ಅದಾಗಿ ಐದಾರು ತಿಂಗಳ ಮೇಲೆ ಒಂದು ಸಂಜೆ ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಭೂತಕ್ಕ ಫೋನಿನಲ್ಲಿ ಒಂದು ಸುದ್ದಿ ಓದಿದಳು. ಎಲ್ಲೋ ದೂರದಲ್ಲಿ, ನಾವಿಬ್ಬರೂ ಹೆಸರೇ ಕೇಳದ ಒಂದು ಕಡೆ, ನದಿ ರಾತ್ರೋರಾತ್ರಿ ದಂಡೆ ಮೀರಿತ್ತು. ಉಪಗ್ರಹ ಆ ದಿನ ತೆಗೆದ ಸಾವಿರಾರು ಫೋಟೋಗಳಲ್ಲಿ ಅದೊಂದನ್ನೇ ಆರಿಸಿ ಮೊದಲು ಕೆಳಗೆ ಕಳಿಸಿತ್ತು. ತಗ್ಗಿನ ಮೂರು ಹಳ್ಳಿಗಳ ಜನ ನೀರು ಮುಟ್ಟುವ ಮೊದಲೇ ಗುಡ್ಡ ಹತ್ತಿದ್ದರು. ಫೋಟೋ ಕೂಡ ಇತ್ತು. ಕಂದು ನೀರು, ನಡುವೆ ಒಂದು ಮರದ ಸಾಲು, ಮೇಲೊಂದು ತುಣುಕು ಮೋಡವೂ ಇಲ್ಲ.

ಅವಳು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನಮ್ಮ ಬಸ್ಸು ಬಂತು, ನಿಂತಿತು, ಹೋಯಿತು. ನಾನೂ ಅವಳ ಮುಖ ನೋಡುತ್ತ ನಿಂತುಬಿಟ್ಟೆ. ಕಡೆಗೆ ಅವಳು ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಪರಿಚಿತ ಹೆಂಗಸಿನತ್ತ ಫೋನ್ ತಿರುಗಿಸಿ ಹೇಳಿದಳು, "ಇದು ನಾವು ನೋಡಿ ಪಾಸ್ ಮಾಡಿದ್ದು."

ಆಕೆ ಫೋನ್ ನೋಡಿದಳು, ಭೂತಕ್ಕನನ್ನು ನೋಡಿದಳು. "ಹೌದಾ? ಪುಣ್ಯದ ಕೆಲಸ" ಎಂದಳು. "ಮೂವತ್ತಾರು ನಂಬರ್ ಹೋಯ್ತಾ?"

"ಈಗಷ್ಟೇ ಹೋಯ್ತು" ಎಂದಳು ಭೂತಕ್ಕ. ಮೂವರೂ ಮುಂದಿನ ಬಸ್ಸಿಗೆ ಕಾದೆವು.